ಉಗುಳಿಲ್ಲದ ಮೂಲೆ

ಯಶೋಧರಾಗೆ ದಿನದ ಮೊದಲ ವಾಕರಿಕೆ ಬರುತ್ತಿದ್ದದ್ದು ಬೆಳಿಗ್ಗೆ ಹತ್ತಕ್ಕೆ ಐದು ನಿಮಿಷ ಇರುವಾಗ. ವಿಜಯಪುರದ ಜಲನಗರದ ಮನೆಯಿಂದ ಹೊರಟು, ಬಸ್ಸಿನಲ್ಲಿ ತಿಕೋಟಾಕ್ಕೆ ಬಂದಿಳಿದು, ತನ್ನ ಕಚೇರಿಯ ಮೆಟ್ಟಿಲಿಗೆ ಕಾಲಿಟ್ಟ ಗಳಿಗೆ ಅದು. ಇಪ್ಪತ್ತಾರು ಮೆಟ್ಟಿಲು. ಎರಡೂ ಬದಿಯ ಗೋಡೆಗೆ ಸೊಂಟದೆತ್ತರದವರೆಗೆ ಗುಟ್ಕಾದ ಕೆಂಪು. ಹಳೆಯದು ಒಣಗಿ ಕಂದಾಗಿತ್ತು. ಹೊಸದು ಇನ್ನೂ ಕೆಳಗಿಳಿಯುತ್ತಿರುತ್ತಿತ್ತು. ಮೂಲೆಯಲ್ಲಿ ಅಗಿದು ಬಿಟ್ಟ ಎಲೆಯ ಚರಟ, ಹರಿದ ಪಾಕೀಟು, ಅದರ ಮೇಲೆ ನೊಣ. ಮಳೆ ಬಂದರೆ ಗೋಡೆ ಬೆವೆತು, ಎರಡು ವರ್ಷದ ಹಳೆಯ ಉಗುಳೂ ಹಸಿಯಾಗಿ ನಾರುತ್ತಿತ್ತು. ಆಕೆ ಸೀರೆಯ ನೆರಿಗೆ ಎತ್ತಿ ಹಿಡಿದು, ಉಸಿರು ಕಟ್ಟಿಕೊಂಡು, ಗೋಡೆಗೂ ಗೋಡೆಗೂ ನಟ್ಟನಡುವೆ ಹತ್ತುತ್ತಿದ್ದಳು. ಮೇಲೆ ಹೋಗಿ ಕುರ್ಚಿಯಲ್ಲಿ ಕುಳಿತ ಮೇಲೆ ಅರ್ಧ ತಾಸು ಚಹಾ ಕುಡಿಯಲಾಗುತ್ತಿರಲಿಲ್ಲ.

ಯಾವ ಇಲಾಖೆ ಎಂಬುದು ಇಲ್ಲಿ ಬೇಡ. ಜನ ಒಂದು ದಾಖಲೆಗೆ, ಒಂದು ಸಹಿಗೆ ಬಂದು ನಿಲ್ಲುವ ಕಚೇರಿ; ಬಾಡಿಗೆ ಕಟ್ಟಡದ ಮೇಲಿನ ಮಹಡಿ. ಯಶೋಧರಾ ಅಲ್ಲಿ ದ್ವಿತೀಯ ದರ್ಜೆ ಸಹಾಯಕಿ. ವಯಸ್ಸು ನಲವತ್ತನಾಲ್ಕು. ಹುಟ್ಟಿದ್ದು ಸಾರವಾಡದಲ್ಲಿ. ಅಪ್ಪ ಪರಸಪ್ಪನನ್ನು ಊರವರು ಸತ್ತ ದನ ಎಳೆಯಲು ಕರೆಯುತ್ತಿದ್ದರು. ಅವ್ವ ಕಂಡವರ ಕೊಟ್ಟಿಗೆ ಬಳಿಯುತ್ತಿದ್ದಳು. ಆಕೆ ಹುಟ್ಟುವ ಮೊದಲೇ ಮನೆಯವರು ಬೌದ್ಧರಾಗಿದ್ದರು, ಆದರೆ ಊರು ಕೆಲಸಕ್ಕೆ ಕರೆಯುವುದನ್ನು ಬಿಟ್ಟಿರಲಿಲ್ಲ. ಮಗಳು ಸಾಲೆಗೆ ಹೊರಟಾಗಲೆಲ್ಲ ಅವ್ವ ಒಂದೇ ಮಾತು ಹೇಳುತ್ತಿದ್ದಳು: “ಮಂದಿ ಹೊಲಸು ಬಳಿಯೂದು ನನ್ನ ಕೂಡ ಮುಗೀಲಿ. ನೀ ಪೆನ್ ಹಿಡಿ.” ಮಗಳು ಹಿಡಿದಳು.

ಆದ್ದರಿಂದಲೇ ಕಚೇರಿಯ ಮುಖ್ಯಸ್ಥ ಶಿವಯೋಗೆಪ್ಪ ಒಂದು ಸಭೆಯಲ್ಲಿ ಹದಿನೈದು ಸಿಬ್ಬಂದಿಯ ಮೇಲೆ ಕಣ್ಣಾಡಿಸಿ, ಕೊನೆಗೆ ಆಕೆಯ ಮೇಲೆ ನಿಲ್ಲಿಸಿದಾಗ ಮೈಯೆಲ್ಲ ಉರಿದುಹೋಯಿತು.

“ಬಾಯಾರ, ಮೆಟ್ಟಲಾ ಭಾಳ ಹೊಲಸ ಆಗ್ಯಾವ. ಸ್ವಚ್ಛತಾದ್ದು ನೀವ ಒಂದಿಷ್ಟು ನೋಡಕೋರಿ.”

“ನಾನ ಯಾಕ್ರಿ ಸರ್?”

“ನಿಮಗ ಅದರ ಬಗ್ಗೆ... ಅಂದ್ರ, ನೀವು ಹೆಣಮಕ್ಕಳು. ಸ್ವಚ್ಛ ಇರ್ತೀರಿ.”

ಕಚೇರಿಯಲ್ಲಿ ಇನ್ನೂ ನಾಲ್ವರು ಹೆಂಗಸರಿದ್ದರು. ಅವರು ಯಾರೂ ತಲೆ ಎತ್ತಲಿಲ್ಲ. ಆತ ನುಂಗಿದ ಮಾತು ಏನೆಂದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಗೋಡೆಯ ಉಗುಳಿಗಿಂತ ಆ ನುಂಗಿದ ಮಾತೇ ಹೆಚ್ಚು ಹೇಸಿಗೆ ಅನಿಸಿತು ಯಶೋಧರಾಗೆ.

ಆದರೂ ಪ್ರಯತ್ನಿಸಿದಳು, ದಿನಾ ಆ ಮೆಟ್ಟಿಲು ಹತ್ತಬೇಕಾದವಳು ತಾನೇ. ‘ಇಲ್ಲಿ ಉಗುಳಬಾರದು’ ಎಂದು ಬರೆಸಿದಳು. ಅಕ್ಷರಗಳ ಮೇಲೆಯೇ ಉಗುಳಿದರು. ದಂಡದ ಫಲಕ ಹಾಕಿಸಿದಳು. ವಸೂಲಿ ಮಾಡುವವರು ಯಾರೂ ಇರಲಿಲ್ಲ. ಕಂಡವರನ್ನು ಬೈದಳು; ಬೈಸಿಕೊಂಡವರು ಆಕೆ ಮೇಲೆ ಹೋಗುವವರೆಗೆ ಬಾಯಿ ಮುಚ್ಚಿ ನಿಂತು, ಆಮೇಲೆ ಉಗುಳಿದರು. ಜವಾನ ಧೂಳಪ್ಪ ಇದನ್ನೆಲ್ಲ ನೋಡಿ ನಗುತ್ತಿದ್ದ. ಅವನ ಬಾಯಲ್ಲೂ ಸದಾ ತಂಬಾಕು.

ಕೊನೆಗೆ ಶಿವಯೋಗೆಪ್ಪನೇ ಉಪಾಯ ಹೂಡಿದ. ಗೋಡೆಗೆ ದೇವರ ಚಿತ್ರದ ಟೈಲ್ಸ್ ಹಚ್ಚಿಸಿದ. ಎಲ್ಲ ಧರ್ಮದ್ದೂ ಇರಲಿ ಎಂದು ಸಾಲಾಗಿ ಹಚ್ಚಿಸಿ, ಹದಿನಾಲ್ಕನೆಯ ಮೆಟ್ಟಿಲ ಬಳಿ ಕಣ್ಣು ಮುಚ್ಚಿ ಕುಳಿತ ಬುದ್ಧನನ್ನೂ ಹಚ್ಚಿಸಿದ. “ನಿಮ್ಮದೂ ಒಂದು ಹಾಕ್ಸೇನ್ರಿ ಬಾಯಾರ,” ಎಂದ, ಉಪಕಾರ ಮಾಡಿದವನಂತೆ.

ಒಂದು ವಾರ ಗೋಡೆ ಸುಮ್ಮನಿತ್ತು. ಎರಡನೆಯ ವಾರ ಟೈಲ್ಸುಗಳ ನಡುವಿನ ಖಾಲಿ ಜಾಗಕ್ಕೆ ಹೊಸ ಕೆಂಪು ಬಿತ್ತು. ಮೂರನೆಯ ವಾರದ ಒಂದು ಬೆಳಿಗ್ಗೆ ಯಶೋಧರಾ ಹತ್ತುತ್ತ ಬಂದು ಹದಿನಾಲ್ಕನೆಯ ಮೆಟ್ಟಿಲಲ್ಲಿ ನಿಂತುಬಿಟ್ಟಳು. ಬುದ್ಧನ ಕೆನ್ನೆಯ ಮೇಲೆ ದಪ್ಪನೆಯ ಕೆಂಪು ಹನಿ. ಅದು ಗಲ್ಲದವರೆಗೆ ಇಳಿದು, ಅಲ್ಲಿ ತೂಗಾಡುತ್ತಿತ್ತು.

ಕೈಚೀಲದಿಂದ ಕರವಸ್ತ್ರ ತೆಗೆದು ಒರೆಸಿದಳು. ಬೆಚ್ಚಗಿತ್ತು. ಆ ಬಿಸಿ ಬೆರಳಿಗೆ ತಾಗಿದ್ದೇ ತಡ, ಅಲ್ಲೇ ಮೆಟ್ಟಿಲ ಮೇಲೆ ವಾಂತಿ ಮಾಡಿಕೊಂಡಳು.

ಆ ದಿನ ಆಕೆ ಶಿವಯೋಗೆಪ್ಪನ ಕೋಣೆಗೆ ಹೋಗಿ ನಿಂತೇ ಮಾತಾಡಿದಳು. “ಸರ್, ಎಲ್ಲಾ ಟೈಲ್ಸ್ ತಗಸ್ರಿ. ದೇವರನ್ನ, ಗುರುಗಳನ್ನ ಉಗುಳಿಗೆ ಕಾವಲ ಹಚ್ಚಬ್ಯಾಡ್ರಿ. ನಮ್ಮ ಕೈಲೆ ಆಗಲಾರದ್ದನ್ನ ಅವರ ಮಾರಿ ಮ್ಯಾಲ ಹಾಕೂದು ಅಸಹ್ಯ ಐತಿ.”

“ಹಂಗಾರ ನೀವ ಹೇಳ್ರಿ ಏನ್ ಮಾಡೂದಂತ. ತಪ್ಪ ಹುಡುಕಾಕ ಎಲ್ಲಾರಿಗೂ ಬರ್ತೈತಿ.”

ಆದರೂ ಮಧ್ಯಾಹ್ನವೇ ಟೈಲ್ಸ್ ತೆಗೆಯಲು ಗೌಂಡಿ ಬಂದ. ಬುದ್ಧನ ಚಿತ್ರ ಕೀಳುವಾಗ ಎರಡು ಹೋಳಾಯಿತು. ಯಶೋಧರಾ ಅದನ್ನು ತೊಳೆದು, ಟವೆಲ್ಲಿನಲ್ಲಿ ಸುತ್ತಿ ಮನೆಗೆ ತಂದಳು.

ಗಂಡ ದೇವಾನಂದ ಬಬಲೇಶ್ವರದ ಕಡೆಯ ಒಂದು ಪ್ರೌಢಶಾಲೆಯಲ್ಲಿ ಹಿಂದಿ ಶಿಕ್ಷಕ. ಹೋಳುಗಳನ್ನು ನೋಡಿ ಕೆಂಡವಾದ. “ಇದು ಅವಮಾನ! ಸುಮ್ಮ ಕುಂದ್ರಬಾರದು. ನಾಳೆ ನಮ್ಮವರನ್ನೆಲ್ಲಾ ಕೂಡಿಸಿ ಆಫೀಸಿನ ಮುಂದ ಕೂಡ್ತೇವಿ!” ಎಂದ. ಹೇಳುವಾಗ ಮುಖ ಮೇಲಕ್ಕೆತ್ತಿ ಹೇಳಿದ, ಬಾಯಿಂದ ರಸ ಚೆಲ್ಲದಿರಲೆಂದು. ತುಟಿಯ ಮೂಲೆಯಲ್ಲಿ ಕೆಂಪು ಗೆರೆ. ಮಾತು ಮುಗಿಸಿ ಎದ್ದು ಹೋಗಿ ಬೇಸಿನ್ನಿನಲ್ಲಿ ಉಗುಳಿದ. ಆ ಸದ್ದು ಅಡುಗೆಮನೆಗೆ ಕೇಳಿಸಿತು.

ಯಶೋಧರಾ ನೋಡಿದಳು: ಬೆಳಿಗ್ಗೆ ಕಂಡ ಹನಿಯ ಬಣ್ಣ, ಬೇಸಿನ್ನಿನ ಬಣ್ಣ ಎರಡೂ ಒಂದೇ. ಇಪ್ಪತ್ತು ವರ್ಷದಿಂದ ಆ ಬೇಸಿನ್ ತಿಕ್ಕುತ್ತ, ಇಪ್ಪತ್ತು ವರ್ಷದಿಂದ ಬೈಯುತ್ತ ಬಂದವಳು. ಆ ಸಂಜೆ ಗಂಡನ ತಟ್ಟೆಗೆ ರೊಟ್ಟಿ ಹಾಕಿ, ತಾನು ಉಣ್ಣದೆ ಮಲಗಿದಳು. ಧರಣಿಯ ಮಾತು ಮರುದಿನಕ್ಕೆ ಉಳಿಯಲಿಲ್ಲ.

ಹದಿನೈದು ದಿನದ ನಂತರ ವಿಜಯಪುರದಲ್ಲಿ ನೌಕರರಿಗೆ ಎರಡು ದಿನದ ತರಬೇತಿ ಎಂದು ಪತ್ರ ಬಂತು. ಯಾರೂ ಹೋಗಲು ಒಪ್ಪದ ತರಬೇತಿ. ಶಿವಯೋಗೆಪ್ಪ ಆಕೆಯ ಹೆಸರು ಬರೆದ. ಎದುರುತ್ತರ ಕೊಟ್ಟಿದ್ದಕ್ಕೆ ಶಿಕ್ಷೆ ಎಂಬಂತೆ.

ಗಾಂಧಿ ಚೌಕದ ಹತ್ತಿರ ಒಂದು ಸಭಾಂಗಣ. ತರಬೇತಿ ಕೊಡಲು ಬಂದವಳು ಮಹಾನಂದಾ, ಕುಟುಂಬ ಜಗಳದ ಆಪ್ತಸಲಹೆ ಕೇಂದ್ರವೊಂದರಲ್ಲಿ ಬಹುಕಾಲ ದುಡಿದ ಐವತ್ತರ ಹೆಂಗಸು. “ಸಮಸ್ಯೆ ಯಾಕ ಆತು ಅಂತ ಕೆದಕೂದು ಬ್ಯಾಡ. ಅದು ಎಲ್ಲಿ ಇಲ್ಲ, ಯಾವಾಗ ಇರಲಿಲ್ಲ, ಅದನ್ನ ನೋಡೂಣು,” ಎಂದು ಆರಂಭಿಸಿದಳು. ನಾಳೆ ಬೆಳಿಗ್ಗೆ ಎದ್ದಾಗ ನಿಮ್ಮ ತೊಂದರೆ ತಾನಾಗಿ ಮಾಯವಾಗಿದ್ದರೆ ಮೊದಲು ಏನು ಕಾಣುತ್ತದೆ ಎಂದು ಎಲ್ಲರನ್ನೂ ಕೇಳಿದಳು. ಒಬ್ಬ ‘ಎಲ್ಲರ ಮುಖದಲ್ಲಿ ನಗು’ ಎಂದ. ಇನ್ನೊಬ್ಬ ‘ಸಹಕಾರ’ ಎಂದ. ಯಶೋಧರಾಗೆ ಸಕ್ಕರೆ ಪಾಕದಂಥ ಈ ಮಾತುಗಳೂ ಒಂದು ಬಗೆಯ ಉಗುಳೇ ಅನಿಸಿತು. ತನ್ನ ಸರದಿ ಬಂದಾಗ ಎದ್ದು ನಿಂತು, “ಮೇಡಂ, ನಮ್ಮ ಆಫೀಸಿಗೆ ಬಂದು ಒಮ್ಮಿ ಮೆಟ್ಟಲಾ ಹತ್ರಿ. ಆಮ್ಯಾಲ ಮಾಯ ಆಗೂದರ ಬಗ್ಗೆ ಹೇಳ್ರಿ,” ಎಂದಳು. ಎಲ್ಲವನ್ನೂ ಹೇಳಿದಳು. ಬೆಚ್ಚಗಿದ್ದ ಹನಿಯನ್ನೂ ಬಿಡಲಿಲ್ಲ. ಸಭೆಯಲ್ಲಿ ಕೆಲವರು ಮೂಗು ಮುಚ್ಚಿಕೊಂಡರು.

ಮಹಾನಂದಾ ನಗಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. “ನಿಮ್ಮ ಮೆಟ್ಟಲಕ್ಕ ಹತ್ತಕ್ಕ ಎಷ್ಟ ಅಂಕ ಕೊಡ್ತೀರಿ?”

“ಒಂದು. ಭಾಳ ಆದ್ರ ಎರಡು.”

“ಎರಡಂತ ಹಿಡಿಯೂಣು. ಸೊನ್ನಿ ಯಾಕ ಅಲ್ಲರಿ?”

“ಅಂದ್ರ?”

“ಎರಡು ಎಲ್ಲಿಂದ ಬಂತು? ಏನೋ ಒಂದು ಛಲೋ ಇರಬೇಕಲ್ಲ.”

ಯಶೋಧರಾಗೆ ಸಿಟ್ಟು ಬಂತು. ಇದೆಂಥ ಪ್ರಶ್ನೆ? ಆದರೂ ಕಣ್ಣ ಮುಂದೆ ಇಪ್ಪತ್ತಾರು ಮೆಟ್ಟಿಲು ಬಂದವು. ಕೆಳಗಿನ ತಿರುವಿನಲ್ಲಿ, ಎಂಟನೆಯ ಮೆಟ್ಟಿಲ ಪಕ್ಕದ ಅಗಲ ಜಾಗದಲ್ಲಿ, ಅರ್ಜಿ ಬರೆದುಕೊಡುವ ಅಯೂಬ ಕಾಕಾ ಒಂದು ಟೇಬಲ್ಲು ಇಟ್ಟುಕೊಂಡು ಕೂಡುತ್ತಿದ್ದ. ಅವನ ಹಿಂದಿನ ಗೋಡೆ... ಬಿಳಿ ಇತ್ತು. ಮೂರು ವರ್ಷದಿಂದ ಆ ಗೋಡೆಯನ್ನು ದಾಟಿ ಹೋಗುತ್ತಿದ್ದಳು, ಒಮ್ಮೆಯೂ ಕಂಡಿರಲಿಲ್ಲ.

“ಒಂದು ಮೂಲ್ಯಾಗ ಉಗುಳಂಗಿಲ್ಲರಿ,” ಎಂದಳು ಮೆಲ್ಲಗೆ.

“ಅಲ್ಲಿ ಯಾಕ ಉಗುಳಂಗಿಲ್ಲ?”

“ಗೊತ್ತಿಲ್ಲ.”

“ನನಗೂ ಗೊತ್ತಿಲ್ಲ. ನೋಡಿ ಬರ್ರಿ,” ಎಂದು ಮಹಾನಂದಾ ಮುಂದಿನವರ ಕಡೆ ತಿರುಗಿದಳು.

ಉತ್ತರ ಕೊಡದೆ ಕಳಿಸಿದ್ದಕ್ಕೆ ಯಶೋಧರಾ ದಾರಿಯುದ್ದಕ್ಕೂ ಗೊಣಗಿದಳು. ಆದರೆ ತರಬೇತಿ ಮುಗಿದ ಮರುದಿನ ಕಚೇರಿಗೆ ಹೋದಾಗ ಉಸಿರು ಕಟ್ಟಿ ಓಡದೆ, ಅಯೂಬನ ಟೇಬಲ್ಲಿನ ಹತ್ತಿರ ನಿಂತಳು.

“ಕಾಕಾ, ನಿಮ್ಮ ಹತ್ರ ಯಾರೂ ಉಗುಳಂಗಿಲ್ಲಲ್ಲ. ಬೈತೀರೇನು?”

“ನಾ ಯಾಕ ಬೈಯ್ಲಿ ಬೇಟಿ? ಬಂದವರಿಗೆ ಯಾ ಊರು, ಏನ್ ಕೆಲಸ ಅಂತ ಕೇಳ್ತೇನಿ. ಹೇಳಬೇಕಂದ್ರ ಬಾಯಿ ಖಾಲಿ ಇರಬೇಕಲ್ಲ. ‘ತಡೀರಿ ಕಾಕಾ’ ಅಂತ ಸನ್ನಿ ಮಾಡಿ ಕೆಳಗ ಹೋಗಿ ಉಗುಳಿ ಬರ್ತಾರ. ನಾ ಅವರ ಜಾಗಾ ಹಿಡದಿರ್ತೇನಿ.”

ಅಷ್ಟೇ. ಯಾವ ಫಲಕವೂ ಇಲ್ಲ, ದೇವರೂ ಇಲ್ಲ. ಯಾರೋ ಒಬ್ಬರು ಮುಖ ನೋಡಿ ಮಾತಾಡಿಸುತ್ತಿದ್ದರು. ಇಳಿದು ಹೋದರೆ ಜಾಗ ತಪ್ಪುತ್ತಿರಲಿಲ್ಲ.

ಜಾಗ ತಪ್ಪುವ ಮಾತು ಆಕೆಯ ತಲೆಯಲ್ಲಿ ಉಳಿಯಿತು. ಒಂದು ವಾರ ಊಟದ ಬಿಡುವಿನಲ್ಲಿ ಮೆಟ್ಟಿಲ ಮೇಲೆಯೇ ನಿಂತು ನೋಡಿದಳು. ಉಗುಳು ಎಲ್ಲ ಕಡೆ ಸಮನಾಗಿರಲಿಲ್ಲ. ಹದಿನೈದನೆಯ ಮೆಟ್ಟಿಲಿನಿಂದ ಮೇಲಿನ ಬಾಗಿಲವರೆಗೆ, ಜನ ಸಾಲುಗಟ್ಟಿ ನಿಲ್ಲುವಲ್ಲಿ, ಬಲ್ಬು ಸುಟ್ಟು ಕತ್ತಲಾಗಿದ್ದಲ್ಲಿ, ಅಲ್ಲೇ ಅತಿ ಹೆಚ್ಚು. ಹತ್ತಿರದ ಹಳ್ಳಿಯ ಕುರಿಗಾಹಿ ಮಾಳು ಎಂಬವನು ಒಂದು ದಿನ ಆಕೆಯ ಕಣ್ಣೆದುರೇ ಗೋಡೆಗೆ ಉಗುಳಿದ. ಬೈಯಲು ಬಾಯಿ ತೆರೆದವಳು ತಡೆದುಕೊಂಡು ಕೇಳಿದಳು: “ಅಣ್ಣಾ, ಎಷ್ಟೊತ್ತಾತು ನಿಂತು?”

“ಮೂರ ತಾಸಾತ್ರಿ ಅಕ್ಕಾರ. ಸಾಹೇಬ್ರು ಮೀಟಿಂಗಿನ್ಯಾಗ ಅದಾರಂತ.”

“ಹೊರಗ ಹೋಗಿ ಉಗುಳಬಾರದೇನು?”

“ಇಳದ್ರ ಪಾಳಿ ಹೊಕ್ಕೈತ್ರಿ. ಮತ್ತ ಹಿಂದ ನಿಂದ್ರಬೇಕು. ಕುರಿ ತಮ್ಮನ ಕಡೆ ಬಿಟ್ಟ ಬಂದೇನಿ. ಬಾಯಾಗಿಂದು ನುಂಗಲೇನ್ರಿ?”

ಯಶೋಧರಾ ಒಳಗೆ ಹೋಗಿ ನೋಡಿದರೆ ಸಾಹೇಬರ ಕೋಣೆಯ ಬಾಗಿಲು ಅರೆ ತೆರೆದಿತ್ತು. ಮೀಟಿಂಗ್ ಇರಲಿಲ್ಲ. ಶಿವಯೋಗೆಪ್ಪ ಮೊಬೈಲಿನಲ್ಲಿ ಏನೋ ನೋಡುತ್ತ, ಚುರುಮುರಿ ತಿನ್ನುತ್ತಿದ್ದ. ಆಕೆಗೆ ಮತ್ತೆ ವಾಕರಿಕೆ ಬಂತು; ಈ ಸಲ ಗೋಡೆಯನ್ನು ನೋಡಿ ಅಲ್ಲ. ಕತ್ತಲ ಮೆಟ್ಟಿಲಲ್ಲಿ ಮೂರು ತಾಸು ಜನರನ್ನು ನಿಲ್ಲಿಸಿ, ಆಮೇಲೆ ಅವರಿಗೆ ಶುಚಿತ್ವ ಕಲಿಸಲು ಹೊರಟವರು ತಾವು. ಆ ‘ತಾವು’ ಎಂಬುದರಲ್ಲಿ ತಾನೂ ಇದ್ದಾಳೆ. ಮೂರು ವರ್ಷ ಅದೇ ಸಾಲನ್ನು ಸೀರೆ ಎತ್ತಿ ಹಿಡಿದು ದಾಟಿದ್ದಾಳೆ.

ಮರುದಿನ ಶಿವಯೋಗೆಪ್ಪನ ಎದುರು ಕುಳಿತಳು. “ಸರ್, ಬಂದವರಿಗೆ ನಂಬರ್ ಚೀಟಿ ಕೊಡೂಣು. ಕೆಳಗ ಬೇವಿನ ಗಿಡದ ನೆಳ್ಳಾಗ ಕೂಡ್ಲಿ. ನಂಬರ್ ಬಂದಾಗ ಕರದ್ರ ಮ್ಯಾಲ ಬರ್ತಾರ.”

“ಅಯ್ಯ, ನಂಬರ್ ಕೊಟ್ರ ಮಂದಿ ನಮ್ಮ ತಲಿ ಮ್ಯಾಲ ಕೂಡ್ತಾರ. ‘ನನ್ನ ನಂಬರ್ ಯಾವಾಗ’ ಅಂತ ಲೆಕ್ಕಾ ಕೇಳ್ತಾರ.”

“ಎಲ್ಲಾ ದಿನಾ ಬ್ಯಾಡ್ರಿ. ಬರೂ ಗುರುವಾರ ಒಂದ ದಿನಾ. ಆಗಲಿಲ್ಲಂದ್ರ ಬಿಟ್ಟಬಿಡೂಣು.”

ಒಂದೇ ದಿನ ಎಂದದ್ದಕ್ಕೆ ಆತ ಒಪ್ಪಿದ. ಯಶೋಧರಾ ಹಳೆಯ ಕ್ಯಾಲೆಂಡರ್ ಕತ್ತರಿಸಿ ಚೀಟಿ ಮಾಡಿದಳು. ಎರಡು ಮುರುಕು ಬೆಂಚು ಗಿಡದ ಕೆಳಗೆ ಹಾಕಿಸಿದಳು. ಕತ್ತಲಿದ್ದಲ್ಲಿ ಬಲ್ಬು ಹಾಕಿಸಿದಳು. ಅಯೂಬ ಟೇಬಲ್ಲನ್ನು ಗಿಡದ ಕೆಳಗೆ ತಂದುಕೊಂಡು, ಚೀಟಿ ಹಂಚುವ ಕೆಲಸ ತಾನೇ ವಹಿಸಿಕೊಂಡ.

ಗುರುವಾರ ಸಂಜೆ ಆಕೆ ಮೆಟ್ಟಿಲಿಳಿಯುತ್ತ ಹಸಿ ಕಲೆಗಳನ್ನು ಹುಡುಕಿದಳು. ಬುಧವಾರ ಎಣಿಸಿದಾಗ ಮೂವತ್ತರ ಮೇಲಿತ್ತು. ಈಗ ನಾಲ್ಕು. ಸಂತೋಷ ಬರುವಷ್ಟರಲ್ಲಿ ಇನ್ನೊಂದು ಕಂಡಿತು: ನಾಲ್ಕರಲ್ಲಿ ಮೂರು ಮೆಟ್ಟಿಲ ತುದಿಯಲ್ಲಿ, ಸಿಬ್ಬಂದಿ ಮಾತ್ರ ಓಡಾಡುವ ಹಿಂಬಾಗಿಲ ಬಳಿ ಇದ್ದವು. ಹಳ್ಳಿಯವರದು ಒಂದು, ಕಚೇರಿಯವರದು ಮೂರು.

“ಧೂಳಪ್ಪಣ್ಣಾ, ಇದು ನಿಂದ?”

ಅವನು ಅಲ್ಲವೆನ್ನಲಿಲ್ಲ. “ಕಸ ಹೊಡಿಯಾಂವನೂ ನಾನ, ಉಗುಳಾಂವನೂ ನಾನ. ನಿಮಗೇನ ತ್ರಾಸ್ರಿ?”

ಥೂ ಎನ್ನಬೇಕೆನಿಸಿತು. ಅದರ ಬದಲು, “ಮನ್ಯಾಗೂ ಹಿಂಗ ಉಗುಳ್ತೀಯೇನು?” ಎಂದಳು.

“ಮನ್ಯಾಗ ಹ್ಯಾಂಗ ಉಗುಳ್ಲಿ? ಮೊಮ್ಮಗಳು ತೆವಳ್ತಾಳ. ಸಿಕ್ಕದ್ದು ಬಾಯಾಗ ಹಾಕೋತಾಳ.”

“ಅಲ್ಲಿ ತಡಕೋತಿ ಅಂದ್ರ ನಿನಗ ತಡಕೊಳ್ಳಾಕ ಬರ್ತೈತಿ.”

ಧೂಳಪ್ಪ ಕಸಬರಿಗೆ ಎತ್ತಿಕೊಂಡು ಹೋದ. ಮರುವಾರದಿಂದ ಹಿಂಬಾಗಿಲ ಕಲೆ ಒಂದಕ್ಕಿಳಿಯಿತು. ಆ ಒಂದು ಯಾರದೆಂದು ಎಲ್ಲರಿಗೂ ಗೊತ್ತಿತ್ತು. ಸಾಹೇಬರ ಕೋಣೆ ಅಲ್ಲೇ ಇತ್ತು.

ಚೀಟಿ ಗುರುವಾರದಿಂದ ವಾರದ ಎಲ್ಲ ದಿನಕ್ಕೂ ಬಂತು. ಉಳಿದದ್ದು ಹಳೆಯ ಕಲೆ. ಶಿವಯೋಗೆಪ್ಪ, “ತೊಳ್ಯಾಕ ಯಾರನ್ನರ ಕರಸ್ತೇನಿ,” ಎಂದ. ಯಾವ ಓಣಿಯಿಂದ ಕರೆಸುತ್ತಾನೆ ಎಂದು ಯಶೋಧರಾ ಕೇಳಬೇಕಿರಲಿಲ್ಲ.

“ಅವರನ್ನ ಕರಸಬ್ಯಾಡ್ರಿ ಸರ್. ಹೊಲಸ ಮಾಡಿದ್ದು ನಾವು. ಹದಿನೈದೂ ಮಂದಿ ಬ್ರಷ್ ಹಿಡದ್ರ ನಾನೂ ಹಿಡೀತೇನಿ. ನಾ ಒಬ್ಬಾಕಿ ಹಿಡ್ಯಾಕಿ ಅಲ್ಲ.”

ಶನಿವಾರ ಎಂದು ನಿಗದಿಯಾಯಿತು. ಆರು ಜನ ರಜೆ ಹಾಕಿದರು. ಇಬ್ಬರಿಗೆ ಸೊಂಟ ನೋವು ಬಂತು. ಉಳಿದ ಏಳು ಜನ, ಅವರೊಂದಿಗೆ ಅಯೂಬ. ಆ್ಯಸಿಡ್ ಹಾಕಿದ ಕೂಡಲೇ ಹಳೆಯ ಉಗುಳು ನೊರೆಯೆದ್ದು ಕರಗಿ ಕಾಲಿನ ಮೇಲೆ ಹರಿಯಿತು. ತಂಬಾಕು, ಸುಣ್ಣ, ಕೊಳೆತ ಬಾಯಿ ಎಲ್ಲ ಸೇರಿದ ವಾಸನೆ ಮೂಗು ಸುಟ್ಟಿತು. ಒಬ್ಬ ಗುಮಾಸ್ತ ಎರಡು ಸಲ ಹೊರಗೆ ಓಡಿದ. ಯಶೋಧರಾ ಕೈಗವಸಿನೊಳಗೂ ಬೆರಳು ಮುದುಡಿಕೊಂಡು ತಿಕ್ಕಿದಳು. ಕಣ್ಣ ಮುಂದೆ ಅವ್ವ ಬಂದಳು. ಅವ್ವನಿಗೆ ಕೈಗವಸು ಇರಲಿಲ್ಲ, ಜೊತೆಗೆ ಏಳು ಜನವೂ ಇರಲಿಲ್ಲ. ದೊಡ್ಡ ಕೆಲಸ ಮಾಡಿದೆ ಎಂದು ಆ ದಿನ ಆಕೆಗೆ ಅನಿಸಲಿಲ್ಲ. ಮನೆಗೆ ಬಂದು ಮೂರು ಸಲ ಸ್ನಾನ ಮಾಡಿದಳು.

ಎರಡು ತಿಂಗಳ ನಂತರ ಮೇಲಧಿಕಾರಿಗಳಿಂದ ಸ್ವಚ್ಛತೆಗೆಂದು ಒಂದು ಪ್ರಶಂಸಾ ಪತ್ರ ಬಂತು. ಅದರಲ್ಲಿದ್ದ ಹೆಸರು ಶಿವಯೋಗೆಪ್ಪನದು. ಆತ ಅದಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ. ಯಶೋಧರಾ ಅದರ ಕೆಳಗೆ ಕುಳಿತೇ ಕೆಲಸ ಮಾಡುತ್ತಾಳೆ. ಕಂಡಾಗಲೆಲ್ಲ ಬಾಯಿ ಕಹಿಯಾಗುತ್ತದೆ. ಆದರೆ ಮೆಟ್ಟಿಲ ಬಿಳಿ ಗೋಡೆಯ ಪಕ್ಕ ಈಗ ಉಸಿರಾಡುತ್ತ ಹತ್ತುತ್ತಾಳೆ.

ಮನೆಯಲ್ಲಿ ಅಷ್ಟು ಸುಲಭವಾಗಲಿಲ್ಲ. ಒಂದು ರವಿವಾರ ದೇವಾನಂದ ಬೇಸಿನ್ನಿನಿಂದ ಬಂದು ಕುಳಿತಾಗ ಕೇಳಿದಳು: “ರೀ, ಗುಟ್ಕಾಕ್ಕ ಹತ್ತಕ್ಕ ಎಷ್ಟ...”

“ನಿನ್ನ ಟ್ರೇನಿಂಗ್ ಆಫೀಸಿನ್ಯಾಗ ಇಟ್ಕೋ. ಮನಿಗೆ ತರಬ್ಯಾಡ,” ಎಂದು ಎದ್ದು ಹೋದ.

ಒಂದು ತಿಂಗಳು ಆಕೆ ಆ ಮಾತೆತ್ತಲಿಲ್ಲ. ಆಮೇಲೆ ದೇವಾನಂದನಿಗೆ ಖಾರ ತಿಂದರೆ ಬಾಯಿ ಉರಿಯತೊಡಗಿತು. ಜಲನಗರದ ದವಾಖಾನೆಯಲ್ಲಿ ಡಾಕ್ಟರು ಬಾಯಿ ತೆರೆಯಲು ಹೇಳಿದರು. ಎರಡು ಬೆರಳಿನಷ್ಟು ಮಾತ್ರ ತೆರೆಯಿತು. ಒಳಗೆ ಕೆನ್ನೆ ಬೆಳ್ಳಗೆ, ಗಟ್ಟಿಯಾಗಿತ್ತು. ಈಗಲೇ ನಿಲ್ಲಿಸದಿದ್ದರೆ ಮುಂದೆ ಏನಾದರೂ ಆಗಬಹುದು ಎಂದರು ಡಾಕ್ಟರು. ಹೊರಗೆ ಬಂದು ಬೆಂಚಿನ ಮೇಲೆ ಕುಳಿತ ಗಂಡನ ಮುಖ ಬಿಳಿಚಿತ್ತು.

“ಪಾಠ ಮಾಡೂ ಮುಂದ ಬಾಯಾಗ ಇರ್ತೈತೇನ್ರಿ?” ಎಂದು ಯಶೋಧರಾ ಮೆತ್ತಗೆ ಕೇಳಿದಳು.

“ಇಲ್ಲ. ಸಾಲ್ಯಾಗ ಹ್ಯಾಂಗ ಹಾಕ್ಕೊಳ್ಲಿ? ಮಕ್ಕಳು ಮಾರಿ ನೋಡ್ತಿರ್ತಾವ.”

“ಮನ್ಯಾಗ ನಾ ನೋಡಂಗಿಲ್ಲೇನು?”

ದೇವಾನಂದ ಡಾಕ್ಟರ ಚೀಟಿಯನ್ನು ಮಡಿಸಿ ಜೇಬಿಗಿಟ್ಟ. “ನೀ ನನ್ನ ಮಾರಿ ಎಲ್ಲಿ ನೋಡ್ತಿ? ಬಂದ ಕೂಡ್ಲೆ ಬೇಸಿನ್ ನೋಡ್ತಿ.”

ಆಕೆಗೆ ಕೆನ್ನೆಗೆ ಹೊಡೆದಂತಾಯಿತು. ಉತ್ತರ ಕೊಡಲು ಎಷ್ಟೋ ಮಾತು ಇದ್ದವು. ಇಪ್ಪತ್ತು ವರ್ಷ ತಿಕ್ಕಿದ್ದು ಯಾರು ಎಂದು ಕೇಳಬಹುದಿತ್ತು. ಆದರೆ ಆತ ಹೇಳಿದ್ದು ಸುಳ್ಳಲ್ಲ. ಸಂಜೆ ಆತ ಬಬಲೇಶ್ವರದಿಂದ ಮೋಟರ್‌ಸೈಕಲ್ ಮೇಲೆ ಬಂದಾಗ ತಾನು ಬಾಗಿಲು ತೆರೆದು, ತಿರುಗಿ ಒಳಗೆ ಹೋಗಿಬಿಡುತ್ತಿದ್ದಳು, ವಾಸನೆ ತಾಗದಿರಲೆಂದು.

ಅಂದಿನಿಂದ ಸಂಜೆ ಆರಕ್ಕೆ ಇಬ್ಬರೂ ಹೊರಗಿನ ಕಟ್ಟೆಯ ಮೇಲೆ ಒಂದು ತಾಸು ಕೂಡುತ್ತಾರೆ. ಸಾಲೆಯ ಮಾತು, ಕಚೇರಿಯ ಮಾತು, ಸಾರವಾಡದ ಮಾತು. ಆ ಒಂದು ತಾಸು ಆತನ ಬಾಯಲ್ಲಿ ಏನೂ ಇರುವುದಿಲ್ಲ. ಮೊದಲ ದಿನಗಳಲ್ಲಿ ಜೇಬು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ. ದಿನಕ್ಕೆ ಹತ್ತು ಪಾಕೀಟು ಇದ್ದದ್ದು ಈಗ ಎರಡಾಗಿದೆ. ಬಾಯಿ ಎರಡು ಬೆರಳಿನಿಂದ ಎರಡೂವರೆಗೆ ತೆರೆಯುತ್ತದೆ. ಡಾಕ್ಟರು ಹೇಳಿದ ವ್ಯಾಯಾಮ ಮಾಡುವಾಗ ನೋವಿಗೆ ಕಣ್ಣಲ್ಲಿ ನೀರು ಬರುತ್ತದೆ. ಪೂರ್ತಿ ಬಿಟ್ಟಿಲ್ಲ. ಬಿಡುತ್ತಾನೋ ಇಲ್ಲವೋ ಯಶೋಧರಾಗೆ ಗೊತ್ತಿಲ್ಲ.

ಅಸಹ್ಯವೂ ಪೂರ್ತಿ ಹೋಗಿಲ್ಲ. ಆ ಎರಡು ಪಾಕೀಟಿನ ವಾಸನೆ ಬಂದಾಗ ಆಕೆ ಈಗಲೂ ಮೂಗು ಮುರಿದು, “ಹೇಸಿಗಿ ಬರ್ತೈತ್ರಿ,” ಎಂದು ಮುಖಕ್ಕೇ ಹೇಳುತ್ತಾಳೆ. ದೇವಾನಂದ ತಲೆ ತಗ್ಗಿಸುತ್ತಾನೆ. ಹೇಳಿ ಮುಗಿದ ಮೇಲೆ ಆಕೆ ಎದ್ದು ಒಳಗೆ ಹೋಗುವುದಿಲ್ಲ, ಅಲ್ಲೇ ಕೂಡುತ್ತಾಳೆ.